ಅಟ್ಟ ಸೇರಿದ ಡಬ್ಬಿಗಳು

ಇಡೀ ಊರು ಒಟ್ಟಾಗಿ ಒಬ್ಬ ಮನುಷ್ಯನ ಮುಖಕ್ಕೆ ಎರಡು ವರ್ಷ ಸುಳ್ಳು ಹೇಳುವುದುಂಟೇ? ಅದೂ ಎಂಥ ಊರು! ಬೆಳಗ್ಗೆ ಒಬ್ಬರು ಸೀನಿದರೆ ಮಧ್ಯಾಹ್ನದೊಳಗೆ ನಾಲ್ಕು ಬೀದಿಯವರು ಜ್ವರ ಹೇಗಿದೆ ಎಂದು ವಿಚಾರಿಸುವ ಊರು. ಇಲ್ಲಿ ಗುಟ್ಟು ಎನ್ನುವುದು ನಿಲ್ಲುವುದೇ ಇಲ್ಲ ಎಂದು ಗೇಣಣ್ಣ ಯಾರ ಮುಂದೆ ಬೇಕಾದರೂ ಪಂಥ ಕಟ್ಟುತ್ತಿದ್ದ. ಮೊನ್ನೆ ಮಂಗಳವಾರ ಬೆಳಗ್ಗೆ ಹತ್ತೂವರೆಯವರೆಗೂ ಅದನ್ನೇ ಹೇಳುತ್ತಿದ್ದ. ಆಮೇಲೆ ಅವನು ಆ ಪಂಥ ಕಟ್ಟಲೇ ಇಲ್ಲ.

ಗೇಣಣ್ಣ ರಟ್ಟಿನ ಡಬ್ಬಿ ಮಾಡುವವನು. ಊರಿನ ಬೂಟು, ಸೋಪು, ಬಲ್ಬು, ಔಷಧದ ಸೀಸೆ, ಯಾವುದೇ ಇರಲಿ, ಮೂವತ್ತೊಂದು ವರ್ಷದಿಂದ ಅವನ ಡಬ್ಬಿಯಲ್ಲಿ ಕೂತೇ ಹೊರಗೆ ಹೋಗಿವೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಅಲ್ಲಿ ಒಂದು ಉದ್ದನೆಯ ಮೇಜು, ರಟ್ಟು ಕೊಯ್ಯುವ ಚಾಕು, ಅಂಟಿನ ಡಬರಿ, ಮಡಿಕೆ ಕೂರಿಸಲು ಎರಡು ಕಬ್ಬಿಣದ ತುಂಡು ಇವೆ. ಇಡೀ ಕೋಣೆಯಲ್ಲಿ ಒಂದೇ ಒಂದು ಅಳತೆಪಟ್ಟಿ ಮಾತ್ರ ಇಲ್ಲ. ಅವನ ಅಳತೆಯೆಲ್ಲ ಅವನ ಬಲಗೈ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಚಾಚಿದರೆ ಒಂದು ಗೇಣು. ಅದಕ್ಕಿಂತ ಚಿಕ್ಕದಕ್ಕೆ ಬೆರಳು, ಅದಕ್ಕಿಂತ ಚಿಕ್ಕದಕ್ಕೆ ಉಗುರು. ಹಾಗೆ ಅಳೆದ ಡಬ್ಬಿಯ ಮುಚ್ಚಳ ಕೂತರೆ ಉಸ್ಸೆಂದು ಗಾಳಿ ಬಿಡುತ್ತಾ ಕೂರಬೇಕು. ಅವನ ನಿಜವಾದ ಹೆಸರು ಪಡಿತರ ಚೀಟಿಗಷ್ಟೇ. ಊರಿಗೆಲ್ಲ ಅವನು ಗೇಣಣ್ಣ.

ಇನ್ನೊಂದು ಹೆಚ್ಚುಗಾರಿಕೆ ಎಂದರೆ ಹಳೇ ಗಿರಾಕಿಗಳ ಅಳತೆಯೆಲ್ಲ ಅವನ ತಲೆಯಲ್ಲೇ ಇರುತ್ತಿತ್ತು. ಗಂಡಸರ ಬೂಟಿಗೆ ಒಂದೂವರೆ ಗೇಣು ಉದ್ದ, ಮುಕ್ಕಾಲು ಗೇಣು ಅಗಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಹೊಸ ಸಾಮಾನು ಬಂದರಷ್ಟೇ ಹೊಸದಾಗಿ ಅಳೆಯುತ್ತಿದ್ದ.

ಹೋದ ವಾರ ವರ್ತಕರ ಸಂಘದ ಕಾರ್ಯದರ್ಶಿ ಮನೆಗೇ ಬಂದರು. ಮಹಾನಗರದಿಂದ ಒಬ್ಬ ಮೇಡಂ ಬರುತ್ತಿದ್ದಾರೆ, ಕೈಗನ್ನಡಿ ತಯಾರಿಸುವವರು, ಅಲ್ಲಿ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ ಕಾರ್ಖಾನೆಯನ್ನು ಬೇರೆ ಊರಿಗೆ ಸಾಗಿಸಬೇಕೆಂದಿದ್ದಾರೆ, ನಮ್ಮ ಊರನ್ನೂ ನೋಡುತ್ತಾರಂತೆ.

"ಗೇಣಣ್ಣ, ಅವರನ್ನ ಸುತ್ತಾಡಿಸೋಕೆ ನಿನಗಿಂತ ಬೇರೆ ಜನ ಇಲ್ಲ ಕಣಯ್ಯ. ಅವರ ಮುಖ್ಯ ಚಿಂತೆ ಏನು ಗೊತ್ತಾ? ಡಬ್ಬಿ. ಕನ್ನಡಿ ನೋಡು, ಡಬ್ಬಿ ಸರಿ ಇಲ್ದಿದ್ರೆ ದಾರೀಲೇ ಪುಡಿಪುಡಿ. ಅವರು ಒಪ್ಪಿದ್ರೆ ಊರಿಗೆ ನಲವತ್ತು ಜನಕ್ಕೆ ಕೆಲಸ, ನಿನಗೆ ಜೀವಮಾನಕ್ಕಾಗುವಷ್ಟು ಆರ್ಡರು" ಎಂದು ಒಂದು ಕೈಗನ್ನಡಿಯನ್ನು ಮೇಜಿನ ಮೇಲಿಟ್ಟು ಹೋದರು.

ಗೇಣಣ್ಣ ಅದನ್ನು ಅಳೆದು ಅಂದೇ ಒಂದು ಮಾದರಿ ಡಬ್ಬಿ ಮಾಡಿ ಕಳಿಸಿದ. ಮೇಡಂ ಬಸ್ಸಿನಿಂದ ಇಳಿದವರೇ ಮೊದಲು ಹೇಳಿದ್ದು ಆ ಡಬ್ಬಿಯ ಮಾತನ್ನು. "ಕಣ್ಣಿಗೆ ಒತ್ತಿಕೊಳ್ಳೋ ಹಾಗಿದೆ ರೀ ನಿಮ್ಮ ಕೆಲಸ. ಅಲ್ಲಾಡಿಸಿ ನೋಡಿದೆ, ಕನ್ನಡಿ ಒಂದು ಕೂದಲಿನಷ್ಟೂ ಅಲ್ಲಾಡ್ಲಿಲ್ಲ." ಇಷ್ಟು ಕೇಳಿದ ಮೇಲೆ ಗೇಣಣ್ಣನನ್ನು ಹಿಡಿಯುವವರು ಯಾರು? ನೆಲದ ಮೇಲೆ ಕಾಲು ನಿಲ್ಲಲಿಲ್ಲ ಮಹಾರಾಯನಿಗೆ.

ದಾರಿಯುದ್ದಕ್ಕೂ ಒಂದೇ ಸಮನೆ ಕೊಚ್ಚಿಕೊಂಡ. "ನೋಡಿ ಮೇಡಂ, ಇದು ರಟ್ಟಿನ ಮಂಡಿ. ಆ ಮೂಲೆಯಲ್ಲಿ ಪ್ರೆಸ್ಸು, ಅದರ ಹಿಂದೇನೇ ಲಾರಿ ಆಫೀಸು. ಬೆಳಗ್ಗೆ ಒಂದು ರೌಂಡು ಹೊಡೆದ್ರೆ ನಿಮ್ಮ ವಾರದ ಕೆಲಸ ಮುಗೀತು. ನಿಮ್ಮ ಊರಲ್ಲಿ ಒಂದು ಸಿಗ್ನಲ್ ದಾಟೋಷ್ಟರಲ್ಲಿ ನಾನಿಲ್ಲಿ ಮೂರು ಗಿರಾಕಿ ನೋಡಿ, ಊಟಕ್ಕೆ ಮನೆಗೂ ಹೋಗಿಬಿಟ್ಟಿರ್ತೀನಿ!"

ಅಷ್ಟರಲ್ಲಿ ಎದುರಿಗೆ ಬಂದ ಪುರಸಭೆಯ ಗುಮಾಸ್ತರು ಸೈಕಲ್ ನಿಲ್ಲಿಸಿ, "ಗೇಣಣ್ಣ, ಲೈಸೆನ್ಸ್ ಅರ್ಜೀಲಿ ಎರಡನೇ ಪುಟಕ್ಕೆ ಸಹಿನೇ ಹಾಕಿಲ್ವಲ್ಲೋ, ಸಂಜೆ ಈ ಕಡೆ ಬಂದು ಹಾಕಿ ಹೋಗು" ಎಂದು ಕೂಗಿ ಹೋದರು. ಮೇಡಂ ಬಾಯಿ ಬಿಟ್ಟುಕೊಂಡು ನೋಡಿದರು. ತಮ್ಮ ಒಂದು ಅರ್ಜಿ ಎಂಟು ತಿಂಗಳಿಂದ ಯಾವ ಮೇಜಿನ ಮೇಲಿದೆ ಎಂಬುದೇ ತಮಗೆ ಗೊತ್ತಿಲ್ಲ ಎಂದರು.

"ಇನ್ನೊಂದು ಮಾತು ಕೇಳಿ" ಎಂದ ಗೇಣಣ್ಣ. "ಇಲ್ಲಿ ಒಂದ್ಸಲ ಕೈ ಹಿಡಿದ ಗಿರಾಕಿ ಬಿಡಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ಒಂದೇ ಒಂದು ಡಬ್ಬಿ ವಾಪಸ್ ಬಂದಿಲ್ಲ. ಬೇಕಾದ್ರೆ ಬನ್ನಿ, ಕೇಳೇ ಬಿಡೋಣ."

ಹೀಗೆ ತಾನಾಗಿಯೇ ಆಕೆಯನ್ನು ಬೂಟಿನ ಅಂಗಡಿಗೆ ಕರೆದುಕೊಂಡು ಹೋದ. ಯಾರಾದರೂ ಕೈ ಹಿಡಿದು ತಡೆಯಬಾರದಿತ್ತೇ!

ಬೂಟು ಹೊಲಿಯುವವನು ಗೇಣಣ್ಣನ ಹಳೇ ದೋಸ್ತ. ಎದ್ದು ನಿಂತು ಸ್ವಾಗತ ಮಾಡಿದ, ಸ್ಟೂಲು ಎಳೆದು ಹಾಕಿದ, ಗೇಣಣ್ಣನ ಡಬ್ಬಿ ಇಲ್ಲದೆ ತನ್ನ ಬೂಟಿಗೆ ಬೆಲೆಯೇ ಇಲ್ಲ ಎಂದ. ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಮೇಡಂ ಮಹಾನಗರದ ವ್ಯಾಪಾರಸ್ಥೆ. ಹೇಳಿದ್ದನ್ನು ಕೇಳಿಕೊಂಡು ಸುಮ್ಮನಿರುವ ಜಾತಿಯಲ್ಲ. ಅವರ ಕಣ್ಣು ಅಂಗಡಿಯ ಹಿಂಭಾಗದ ಅಟ್ಟದ ಮೇಲೆ ಬಿತ್ತು. ಅಲ್ಲಿ ಸೂರಿನವರೆಗೆ ಡಬ್ಬಿಗಳು, ಧೂಳು ಹಿಡಿದು, ಹಗ್ಗ ಕಟ್ಟಿ ಒಟ್ಟಿದ್ದವು.

"ಅಷ್ಟೊಂದು ಖಾಲಿ ಡಬ್ಬಿ ಯಾಕೆ ಮೇಲಿಟ್ಟಿದ್ದೀರ?"

ಬೂಟಿನವನ ಮುಖ ಸುಣ್ಣದ ಹಾಗೆ ಬಿಳಿಚಿತು. "ಅದು... ಹಳೇದು ಮೇಡಂ. ಸುಮ್ನೆ."

ಏಣಿ ಅಲ್ಲೇ ಒರಗಿತ್ತು. ಮೇಡಂ ಹತ್ತಿಯೇಬಿಟ್ಟರು! ಒಂದು ಡಬ್ಬಿ ಎಳೆದು ಕೆಳಗಿಳಿದರು, ಮೇಜಿನ ಮೇಲಿದ್ದ ಬೂಟನ್ನು ಅದರೊಳಗೆ ಇಟ್ಟರು. ಬೂಟು ಕೂರಲಿಲ್ಲ. ಮುಂದೆ ತಳ್ಳಿದರೆ ಹಿಮ್ಮಡಿ ಮೇಲೇಳುತ್ತದೆ, ಹಿಮ್ಮಡಿ ಒತ್ತಿದರೆ ತುದಿ ರಟ್ಟನ್ನು ಹರಿಯುತ್ತದೆ. ಅರ್ಧ ಬೆರಳಿನಷ್ಟು ಗಿಡ್ಡ, ಅದಕ್ಕೂ ಒಂದಿಷ್ಟು ಜಾಸ್ತಿಯೇ.

ಗೇಣಣ್ಣ ಅದನ್ನು ನೋಡಿದ. ರಟ್ಟು ತನ್ನದೇ, ಮೂಲೆಯ ಮಡಿಕೆ ತನ್ನದೇ, ತಳದಲ್ಲಿ ಅಂಟಿನ ಹೆಬ್ಬೆರಳ ಗುರುತೂ ತನ್ನದೇ. ಮೂಲೆಯಲ್ಲಿ ಬೂಟು ತುಂಬಿಟ್ಟ ಡಬ್ಬಿಗಳಿಗೆ ಕೈ ಹಾಕಿದ. ಅವು ಕರಾರುವಾಕ್ಕಾಗಿದ್ದವು, ಮುಚ್ಚಳ ಉಸ್ಸೆಂದು ಕೂತಿತು. ಆದರೆ ಅಂಟು ಒತ್ತಿದ ಬೆರಳು ಬೇರೆ, ಸಣ್ಣ ಬೆರಳು.

"ಇದು ಯಾರು ಮಾಡಿದ್ದೋ?"

"ಗೇಣಣ್ಣ, ಕೂತ್ಕೋ ಮೊದಲು. ನೀರು ಕುಡಿ."

"ನೀರು ಹಾಳಾಗ್ಲಿ! ಯಾರು ಮಾಡಿದ್ದು ಅಂತ ಕೇಳ್ತಿದ್ದೀನಿ!"

ಬೂಟಿನವನು ನೆಲ ನೋಡುತ್ತಾ ನಿಂತ. ಮೂವತ್ತೊಂದು ವರ್ಷದ ದೋಸ್ತ, ನೆಲ ನೋಡುತ್ತಾ ನಿಂತ! ಗೇಣಣ್ಣ ಗರ ಬಡಿದವನಂತೆ ಹೊರಗೆ ಬಂದು ಎದುರು ಸಾಲಿನ ಸೋಪಿನ ಅಂಗಡಿಗೆ ನುಗ್ಗಿದ. ಮೇಡಂ ಹಿಂದೆಯೇ ಓಡಿದರು. ಸೋಪು ಮಾಡುವ ಹೆಂಗಸು ಅವನ ಮುಖ ನೋಡಿದವಳೇ ಎಲ್ಲ ಗೊತ್ತಾಯಿತೆಂಬಂತೆ ಕೈಯಲ್ಲಿದ್ದ ಸೋಪನ್ನು ಕೆಳಗಿಟ್ಟಳು. ಅವಳ ಅಟ್ಟದಲ್ಲೂ ಡಬ್ಬಿ. ಬಲ್ಬಿನವನ ಮಂಚದಡಿಯಲ್ಲೂ ಡಬ್ಬಿ. ಔಷಧದ ಅಂಗಡಿಯಲ್ಲಂತೂ ಮೆಟ್ಟಿಲ ಕೆಳಗೆ ಒಂದು ಗೂಡನ್ನೇ ಅದಕ್ಕೆಂದು ಖಾಲಿ ಮಾಡಿದ್ದರು! ಎರಡು ವರ್ಷ ಗೇಣಣ್ಣ ಬೆವರು ಸುರಿಸಿ ಮಾಡಿದ್ದೆಲ್ಲ ಊರ ತುಂಬ ಕತ್ತಲ ಮೂಲೆಗಳಲ್ಲಿ ಬಿದ್ದಿತ್ತು.

"ಬೈಬೇಡ ಅಣ್ಣ" ಎಂದಳು ಸೋಪಿನವಳು, ಕಣ್ಣಲ್ಲಿ ನೀರು ತಂದುಕೊಂಡು. "ನಿನಗೆ ಹೇಳೋಕೆ ನಮ್ಮ ಯಾರಿಗೂ ಬಾಯಿ ಬರ್ಲಿಲ್ಲ. ಅತ್ತಿಗೇನೂ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡ್ರು."

"ಯಾವ ಅತ್ತಿಗೆ?"

"ಅಯ್ಯೋ ದೇವರೇ, ನಿನ್ನ ಹೆಂಡ್ತಿ ಅಣ್ಣ, ಇನ್ಯಾರು!"

ಗೇಣಣ್ಣನ ಹೆಂಡತಿ ಎರಡು ವರ್ಷದಿಂದ ದಿನಾ ಅಡುಗೆ ಮುಗಿಸಿದವಳೇ ಹಿಂದಿನ ಬೀದಿಯಲ್ಲಿದ್ದ ತಂಗಿಯ ಮನೆಗೆ ಹೋಗುತ್ತಿದ್ದಳು. ತಂಗಿಗೆ ಮಂಡಿನೋವು, ಎಣ್ಣೆ ತಿಕ್ಕಬೇಕು ಎನ್ನುತ್ತಿದ್ದಳು. ಇವನೂ ಪಾಪ, ನಾದಿನಿಯ ಮಂಡಿಗೆ ಒಳ್ಳೆಯ ಎಣ್ಣೆಯನ್ನೇ ತಂದುಕೊಡುತ್ತಿದ್ದ.

ಗೇಣಣ್ಣ ನೇರ ಅಲ್ಲಿಗೇ ಓಡಿದ, ಮೇಡಂ ಹಿಂದೆಯೇ. ನಾದಿನಿಯೇ ಬಾಗಿಲು ತೆರೆದಳು. ಮಂಡಿ ನೆಟ್ಟಗಿತ್ತು. ಬಾಗಿಲು ತೆರೆದಷ್ಟೇ ಬೇಗ "ಅಕ್ಕಾ!" ಎಂದು ಚೀರಿ ಒಳಗೆ ಓಡಿದಳು. ನಡುಕೋಣೆಯಲ್ಲಿ ಗೋಡೆಗೆ ಒರಗಿಸಿದ ರಟ್ಟು, ಚಿಕ್ಕ ಡಬರಿಯಲ್ಲಿ ಅಂಟು, ನೆಲದ ಮೇಲೆ ಚಾಪೆ. ಚಾಪೆಯ ಮೇಲೆ ಅವನ ಹೆಂಡತಿ, ಮೊಣಕೈವರೆಗೆ ಅಂಟು ಮೆತ್ತಿಕೊಂಡು, ಬೂಟಿನ ಡಬ್ಬಿಗೆ ಮೂಲೆ ಕಟ್ಟುತ್ತಿದ್ದಳು. ಗಂಡನನ್ನು ನೋಡಿದಳು, ಅವನ ಹಿಂದೆ ನಿಂತ ಅಪರಿಚಿತ ಹೆಂಗಸನ್ನು ನೋಡಿದಳು. ಏಳಲು ಹೋಗಿ ಅಲ್ಲೇ ಕೂತಳು.

"ಏನೇ ಇದು?" ಗೇಣಣ್ಣನ ದನಿ ಅವನಿಗೇ ಗುರುತು ಸಿಗಲಿಲ್ಲ. "ಊರ ಮುಂದೆ ನನ್ನ ಮಾನ ಕಳೆದ್ಯಲ್ಲೇ!"

"ಮಾನ ಉಳಿಸೋಕೇ ರೀ ಮಾಡಿದ್ದು" ಎಂದಳು ಅವಳು. "ನಿಮ್ಮ ಡಬ್ಬಿ ಗಿಡ್ಡ ಬರ್ತಿತ್ತು. ಬೂಟಿನವರು ಹೇಳೋಕೂ ಆಗದೆ ಬಿಡೋಕೂ ಆಗದೆ ನನ್ನ ಹತ್ರ ಬಂದು ಅತ್ತರು. ನಾನೇ ಸರಿಯಾದ್ದು ಮಾಡಿಕೊಡ್ತೀನಿ, ಇವರದ್ದು ಕಣ್ಣಿಗೆ ಬೀಳದ ಹಾಗೆ ಇಟ್ಕೊಳ್ಳಿ ಅಂದೆ. ಎಸೆದ್ರೆ ನಿಮ್ಮ ಕಣ್ಣಿಗೆ ಬೀಳುತ್ತೆ, ಮನೆಗೆ ತಂದ್ರೂ ಬೀಳುತ್ತೆ. ಅಟ್ಟಕ್ಕೆ ಏರಿಸದೆ ಇನ್ನೇನು ಮಾಡ್ಲಿ?"

"ಸುಳ್ಳು! ಹೋದ ವಾರ ಮಾಡಿದ ಕನ್ನಡಿ ಡಬ್ಬಿ ಕೂದಲೆಳೆ ತಪ್ಪಿಲ್ಲ. ಬೇಕಾದ್ರೆ ಇವರನ್ನೇ ಕೇಳು!"

ಮೇಡಂ ಹೌದೆಂದು ತಲೆಯಾಡಿಸಿದರು. ಅವರಿಗೂ ಅದೇ ಅರ್ಥವಾಗಿರಲಿಲ್ಲ.

"ಅದು ಹೊಸ ಸಾಮಾನು ರೀ. ಅಳೆದಿದ್ದೂ ಈಗಿನ ಕೈ, ಕೊಯ್ದಿದ್ದೂ ಈಗಿನ ಕೈ. ಹಳೇ ಗಿರಾಕಿಗಳ ಲೆಕ್ಕ ಮಾತ್ರ ನಿಮ್ಮ ತಲೇಲಿರೋದು, ಅದು ಆಗಿನ ಕೈಯದು, ಕೊಯ್ಯೋದು ಈಗಿನ ಕೈ." ಹೆಂಡತಿ ಚಾಪೆಯಡಿಯಿಂದ ಒಂದು ರಟ್ಟಿನ ಪಟ್ಟಿ ತೆಗೆದಳು, ಅಂಚುಗಳು ಸವೆಯದ ಹಾಗೆ ಬಟ್ಟೆ ಅಂಟಿಸಿತ್ತು. "ಮದುವೆಯಾದ ಹೊಸದರಲ್ಲಿ ಕೆಲಸ ಕಲಿಸುವಾಗ ನಿಮ್ಮ ಗೇಣಿನಷ್ಟು ಉದ್ದಕ್ಕೆ ಕತ್ತರಿಸಿಕೊಟ್ಟಿದ್ರಿ. ನಿನ್ನ ಕೈ ಚಿಕ್ಕದು, ಇದನ್ನ ಇಟ್ಕೊಂಡು ಮಾಡು ಅಂದಿದ್ರಿ. ನಾನು ಇವತ್ತಿಗೂ ಅದರಲ್ಲೇ ಮಾಡೋದು."

ಗೇಣಣ್ಣ ಪಟ್ಟಿಯನ್ನು ನೆಲದ ಮೇಲಿಟ್ಟು ಕೈ ಚಾಚಿದ. ಹೆಬ್ಬೆರಳು ಒಂದು ತುದಿಗೆ ಮುಟ್ಟಿತು. ಕಿರುಬೆರಳು ಇನ್ನೊಂದು ತುದಿಗೆ ಮುಟ್ಟಲಿಲ್ಲ. ಹಲ್ಲು ಕಚ್ಚಿ ಎಳೆದ. ಬಾತುಹೋದ ಬೆರಳ ಗಂಟುಗಳು ಕಟಕಟ ಎಂದವು, ಕಣ್ಣಲ್ಲಿ ನೀರು ಬಂತು, ಬೆರಳು ಒಂದಿಷ್ಟೂ ಮುಂದೆ ಹೋಗಲಿಲ್ಲ. ದಿನಾ ಬೆಳಗ್ಗೆ ಈ ಗಂಟುಗಳನ್ನು ಬಿಸಿನೀರಿನಲ್ಲಿ ಅದ್ದಿ, ವಯಸ್ಸಾಯಿತು ಬಿಡು ಎಂದುಕೊಂಡು ಕೆಲಸಕ್ಕೆ ಕೂರುತ್ತಿದ್ದ. ಅಯ್ಯೋ, ಕೈಯೇ ಗಿಡ್ಡವಾಗಿದೆ ಎಂದು ಯಾವ ಮನುಷ್ಯನಿಗೆ ಹೊಳೆಯುತ್ತದೆ!

"ನನಗೆ ಒಂದು ಮಾತು ಹೇಳಬಾರದಾಗಿತ್ತೇನೇ" ಎಂದ. ಸಿಟ್ಟೆಲ್ಲ ಇಳಿದುಹೋಗಿತ್ತು.

"ಹೇಳಿದ್ರೆ ಅವತ್ತೇ ಚಾಕು ಕೆಳಗಿಡ್ತಿದ್ರಿ. ಆಮೇಲೆ ಆ ಕೋಣೇಲಿ ಗೋಡೆ ನೋಡ್ತಾ ಕೂತ ನಿಮ್ಮನ್ನ ನಾನು ಹೇಗೆ ನೋಡ್ಲಿ?" ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಅಂಟು ಮೆತ್ತಿಕೊಂಡಳು.

ಗೇಣಣ್ಣನಿಗೆ ಆಗ ಮೇಡಂ ನೆನಪಾದರು. ಮುಗಿಯಿತು ಎಂದುಕೊಂಡ. ಊರಿನ ನಲವತ್ತು ಜನರ ಕೆಲಸವೂ ತನ್ನ ಹೆಸರೂ ಒಟ್ಟಿಗೆ ಹೋಯಿತು. ಇಂಥ ಊರಿಗೆ ಯಾರು ಬರುತ್ತಾರೆ? ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ನಮ್ಮ ಕಡೆ ಆಗಿದ್ರೆ ಮೊದಲನೇ ಡಬ್ಬಿಗೇ ಆರ್ಡರ್ ನಿಲ್ಲಿಸಿರೋರು" ಎಂದರು ಮೇಡಂ ನಿಧಾನವಾಗಿ. "ಯಾಕೆ ಅಂತಾನೂ ಹೇಳ್ತಿರಲಿಲ್ಲ. ಫೋನ್ ಎತ್ತೋದು ಬಿಡ್ತಿದ್ರು, ಅಷ್ಟೇ. ನನ್ನ ತಂದೆಯ ಅಂಗಡಿ ಹಾಗೇ ಮುಚ್ಚಿದ್ದು." ಆಮೇಲೆ ಚಾಪೆಯ ತುದಿಯಲ್ಲಿ ಕೂತರು. "ನಾನು ಇಲ್ಲಿಗೇ ಬರ್ತೀನಿ. ಆದ್ರೆ ಒಂದು ಮಾತು. ನನ್ನ ಕಾರ್ಖಾನೇಲಿ ಅಟ್ಟ ಹಾಕಿಸಲ್ಲ. ತಪ್ಪಿದ್ರೆ ಅವತ್ತೇ ನನ್ನ ಮುಖಕ್ಕೆ ಹೇಳ್ಬೇಕು, ನಾನೂ ನಿಮ್ಮ ಮುಖಕ್ಕೇ ಹೇಳ್ತೀನಿ. ಒಪ್ಪಿಗೇನಾ?"

ಗೇಣಣ್ಣ ಹೌದೆಂದು ತಲೆಯಾಡಿಸಿದ. ಪಂಚೆ ಸರಿಮಾಡಿಕೊಂಡು ಹೆಂಡತಿಯ ಪಕ್ಕದಲ್ಲಿ ಕೂತ, ಗೋಡೆಗೆ ಒರಗಿದ್ದ ಒಂದು ರಟ್ಟನ್ನು ಮುಂದಕ್ಕೆ ಎಳೆದುಕೊಂಡ, ಚಾಕು ಹಿಡಿದ. ಹಿಡಿತ ಇನ್ನೂ ಗಟ್ಟಿಯಾಗಿಯೇ ಇತ್ತು.

"ಬೂಟಿನವರದ್ದು ಎಷ್ಟು ಬಾಕಿ ಇದೆ?" ಎಂದ.

"ಇಪ್ಪತ್ತು."

"ಪಟ್ಟಿ ಇಟ್ಟು ಗೆರೆ ಹಾಕು. ನಾನು ಕೊಯ್ತೀನಿ."

ಹೆಂಡತಿ ಪಟ್ಟಿಯಿಟ್ಟು ಗೆರೆ ಹಾಕಿದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಗೇಣಣ್ಣ ಇನ್ನೊಬ್ಬರು ಹಾಕಿದ ಗೆರೆಯ ಮೇಲೆ ಚಾಕು ಎಳೆದ.