ಜನರ ಪಾಲಿನ ಸಾಲು

ಇವತ್ತು ಬೆಳಿಗ್ಗೆ ಟ್ರಂಕಿನ ಮುಚ್ಚಳ ತೆಗೆದೆ. ಡಾಂಬರು ಗುಳಿಗೆಯ ವಾಸನೆ ಎದ್ದು ಮನೆಯೆಲ್ಲ ತುಂಬಿತು. ಅಡಿಗೆಮನೆಯಿಂದ ನನ್ನ ಹೆಂಡತಿ, "ಮತ್ತ ಅದನ್ನ ಹಾಕ್ಕೊಳ್ಳಾವ್ರೇನು?" ಎಂದಳು. 'ಅದು' ಎಂದರೆ ನನ್ನ ನಿರೂಪಣೆಯ ಕೋಟು. ಹೊಲಿದ ದರ್ಜಿ ಅದರ ಬಣ್ಣ ಕಡುನೀಲಿ ಎಂದು ಪ್ರಮಾಣ ಮಾಡಿದ್ದ. ವೇದಿಕೆಯ ದೀಪ ಬಿದ್ದಾಗ ಅದು ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಆಮೇಲೆ ನನಗೆ ಪ್ರೇಕ್ಷಕರೇ ತಿಳಿಸಿದರು. "ಸಂಗೀತ ಸಾಗರದ ಆಳಕ್ಕಿಳಿದು ಸ್ವರಮುತ್ತುಗಳನ್ನು ಆಯ್ದು ತಂದು..." ಎಂದು ನಾನು ಗಂಭೀರವಾಗಿ ಶುರುಮಾಡಿದರೆ, ಹಿಂದಿನ ಸಾಲಿನಿಂದ ಯಾರಾದರೊಬ್ಬರು, "ಏ ಬದನಿಕಾಯಿ, ಹಾಡ ಹಚ್ಚೋ!" ಎಂದು ಕೂಗುತ್ತಿದ್ದರು. ಕಲೆಗೂ ಜನತೆಗೂ ಇರುವ ಸಂಬಂಧದ ಬಗ್ಗೆ ನನಗೆ ಸಿಕ್ಕ ಮೊದಲ ಪಾಠ ಅದು.

ಹಗಲು ನಾನು ಹಾನಗಲ್ಲಿನ ಒಂದು ಕಚೇರಿಯಲ್ಲಿ ಕಾರಕೂನ. ಸಂಜೆ ಚಂದ್ರತಾರಾ ಆರ್ಕೆಸ್ಟ್ರಾದ ನಿರೂಪಕ. ಚಂದ್ರತಾರಾ ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಇವುಗಳ ನಡುವೆ ಎಲ್ಲಾದರೂ ನಿಮ್ಮ ಸೋದರಮಾವನ ಮನೆ ಇದ್ದರೆ, ಸೂಟಿಯಲ್ಲಿ ಅಲ್ಲಿಗೆ ಹೋದಾಗ ನಮ್ಮನ್ನು ನೋಡಿಯೇ ಇರುತ್ತೀರಿ. ನಾವು ಬಯಲಿನ ಕಲಾವಿದರು. ಸಭಾಭವನ, ಕಲ್ಯಾಣ ಮಂಟಪ ಇವೆಲ್ಲ ನಮಗೆ ಇಕ್ಕಟ್ಟು. ಹೈಸ್ಕೂಲಿನ ಮೈದಾನ, ಸಂತೆ ಬಯಲು, ಮಳೆ ನೀರು ಬತ್ತಿದ ಕೆರೆಯಂಗಳ ಬೇಕು. ಕಂಪೌಂಡ್ ಗೋಡೆಯ ಮೇಲೆ ಜನ ಹತ್ತಿ ಕೂರದಿದ್ದರೆ ಅವತ್ತಿನ ಕಾರ್ಯಕ್ರಮ ಬಿದ್ದಿತೆಂದೇ ನಮ್ಮ ಲೆಕ್ಕ.

ಪ್ರೇಕ್ಷಕರಲ್ಲೂ ತಾಲೂಕುವಾರು ಭೇದಗಳಿವೆ. ಇದನ್ನು ಯಾವ ಪಂಡಿತರೂ ಇನ್ನೂ ಅಭ್ಯಾಸ ಮಾಡಿಲ್ಲ ಎಂಬುದು ನನ್ನ ದೂರು. ಹಾನಗಲ್ಲಿನವರು ಶಿಳ್ಳೆಯವರು. ಸವಣೂರಿನವರ ಬಾಯಲ್ಲಿ ಸದಾ ಎಲೆ ಅಡಿಕೆ ಇರುವುದರಿಂದ ಶಿಳ್ಳೆ ಹೊಡೆಯಲಾರರು, ಚಪ್ಪಾಳೆಯಲ್ಲೇ ಕೆಲಸ ಮುಗಿಸುತ್ತಾರೆ. ಶಿಗ್ಗಾಂವಿಯವರು ಹಾಡು ಅರ್ಧಕ್ಕೆ ಬರುವ ಮೊದಲೇ 'ಒನ್ಸ್ ಮೋರ್' ಕೂಗಿ ನಮ್ಮನ್ನು ಗೊಂದಲಕ್ಕೆ ಹಾಕುತ್ತಾರೆ. ಹಿರೇಕೆರೂರಿನವರು ಮಾತ್ರ ಕೊನೆಯ ತನಕ ಕಲ್ಲಿನ ಹಾಗೆ ಕುಂತು, ಎಲ್ಲ ಮುಗಿದ ಮೇಲೆ ವೇದಿಕೆಯ ಹಿಂದೆ ಬಂದು, "ಮೂರನೇ ಹಾಡಿನ್ಯಾಗ ಶ್ರುತಿ ಸ್ವಲ್ಪ ಇಳದಿತ್ತರಿ" ಎಂದು ಹೇಳಿ ಹೋಗುತ್ತಾರೆ.

ಕಂಪನಿಯ ಯಜಮಾನ, ಮುಖ್ಯ ಹಾಡುಗಾರ, ಗಿಟಾರು ಎಲ್ಲವೂ ಫಕ್ಕೀರಪ್ಪ ಮಾಸ್ತರ. ಅವರಿಗೊಂದು ರೂಢಿ ಇತ್ತು. ಪಲ್ಲವಿಯ ಎರಡೂ ಸಾಲನ್ನು ಮೊದಲ ಸಲ ತಾವೇ ಹಾಡುವರು. ಮರಳಿ ಬಂದಾಗ ಮೊದಲ ಸಾಲನ್ನಷ್ಟೇ ಹಾಡಿ, ಮೈಕನ್ನು ಜನರ ಕಡೆ ತಿರುವಿ, ಎಡಗೈ ಕಿವಿಗೆ ಹಚ್ಚಿ ನಿಲ್ಲುವರು. ಎರಡನೇ ಸಾಲು ಜನರದು. ಸಾವಿರ ಬಾಯಿ ಕೂಡಿ ಆ ಸಾಲು ಬಂದು ವೇದಿಕೆಗೆ ಬಡಿದರೆ ನನ್ನಂಥ ಕಾರಕೂನನ ಮೈಯಲ್ಲೂ ರೋಮ ನಿಲ್ಲುತ್ತಿದ್ದವು. ಅವರು ಈ ರೂಢಿಯನ್ನು ಮೂವತ್ತು ವರ್ಷ ಒಂದು ದಿನವೂ ಬಿಟ್ಟವರಲ್ಲ.

ಆಮೇಲೆ ಡಿಜೆ ಬಂತು. ಡಿಜೆ ಬಂದದ್ದರಲ್ಲಿ ಯಾರ ತಪ್ಪೂ ಇಲ್ಲ. ಒಂದು ಗಾಡಿ, ಗುಡ್ಡದಂಥ ಸ್ಪೀಕರು, ಒಬ್ಬ ಹುಡುಗ. ಅವನಿಗೆ ಊಟ ಹಾಕಿದರೆ ಸಾಕು. ನಮ್ಮಲ್ಲಾದರೆ ಎಂಟು ಮಂದಿ, ಅದರಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ರೊಟ್ಟಿಯೇ ಬೇಕು. ಗಣಪತಿ ಕಮಿಟಿಯ ಹುಡುಗರು ನಮ್ಮನ್ನು ಕಂಡರೆ ಬಹಳ ಗೌರವದಿಂದ ನಮಸ್ಕಾರ ಮಾಡತೊಡಗಿದರು. ಕಲಾವಿದನಿಗೆ ಇಷ್ಟೊಂದು ಗೌರವ ಸಿಗತೊಡಗಿತೆಂದರೆ ಅವನ ಕೆಲಸ ಹೋಯಿತೆಂದೇ ತಿಳಿಯಬೇಕು. ಒಂದು ವರ್ಷ ಪೂರ್ತಿ ಯಾರೂ ಕರೆಯಲಿಲ್ಲ.

ಮೂರು ವರ್ಷದ ಹಿಂದಿನ ಬೇಸಿಗೆ. ಮಾಸ್ತರರು ನಮ್ಮನ್ನೆಲ್ಲ ಮನೆಗೆ ಕರೆದು ಮಂಡಕ್ಕಿಯ ಗಿರಮಿಟ್ಟು ಕೊಟ್ಟು, "ಆಲ್ಬಮ್ ಮಾಡೂಣು" ಎಂದರು.

"ಯಾರ ಹಾಡು ಮಾಸ್ತರ?" ಎಂದಳು ಶಾಂತಕ್ಕ. ಅಬಲೂರಿನವಳು, ನಮ್ಮ ಹೆಣ್ಣು ದನಿ. ಕಾರ್ಯಕ್ರಮ ಇಲ್ಲದ ದಿನ ಕೂಲಿಗೆ ಹೋಗುವವಳು, ನಾಲಗೆ ಬಹಳ ಚುರುಕು.

"ನಮ್ಮವು. ಸ್ವಂತ. ಎಷ್ಟ ದಿನಾ ಮಂದಿ ಹಾಡ ಹಾಡೂದು?" ಎಂದರು. ಆಮೇಲೆ ಗಿರಮಿಟ್ಟಿನ ತಟ್ಟೆ ಕೆಳಗಿಟ್ಟು ಹೇಳಿದರು: "ಗಣಪತಿ ಹಬ್ಬದೊಳಗ ಒಬ್ರರ ನಮ್ಮನ್ನ ಕರದ್ರ ಕಂಪನಿ ಇರತೈತಿ. ಇಲ್ಲಾಂದ್ರ ಶಿಗ್ಗಾಂವಿ ಡಿಜೆದಾವ್ರು ನಮ್ಮ ಸ್ಪೀಕರ ಕೇಳ್ಯಾರ. ಕೊಟ್ಟ ಕೈ ತೊಳಕೊಂಡಬಿಡತೇನಿ."

ರಿದಮ್ ಬಾರಿಸುವ ಸವಣೂರಿನ ಮಾಬುಸಾಬ ಖಾಲಿ ತಟ್ಟೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಾಳ ಹಾಕುತ್ತಿದ್ದ. ಅವನಿಗೆ ಚಿಂತೆಯಾದಾಗ ಬೆರಳು ಸುಮ್ಮನಿರುವುದಿಲ್ಲ.

ಹಾಡು ಬರೆಯುವ ಭಾರ ನನ್ನ ಮೇಲೆ ಬಿತ್ತು. ನಿರೂಪಣೆಯಲ್ಲಿ ಇಷ್ಟೊಂದು ದೊಡ್ಡ ಮಾತು ಆಡುವವನ ಹತ್ತಿರ ಸಣ್ಣ ಮಾತೂ ಇದ್ದೀತೆಂದು ಅವರ ನಂಬಿಕೆ. ನಾನು ಕಚೇರಿಯ ಟೇಬಲ್ಲಿನ ಮೇಲೆಯೇ ಎಂಟು ಹಾಡು ಬರೆದೆ. ಅವುಗಳಲ್ಲಿ ನನಗೆ ಅತ್ಯಂತ ಹೆಮ್ಮೆ ತಂದದ್ದು ಇದು:

ಮುಗಿಲ ಮಲ್ಲಿಗೆಯನ್ನು ಮುಡಿಯಲ್ಲಿ ಕಂಡೆ,
ಮನದ ಮಂದಾರಕೆ ಮಧುಮಾಸ ತಂದೆ.

ಓದಿ ಎಲ್ಲರೂ ತಲೆದೂಗಿದರು. ಶಾಂತಕ್ಕ, "ಮಧುಮಾಸ ಅಂದ್ರ ಏನ್ರಿ?" ಎಂದು ಕೇಳಿದಳು. ನಾನು ಹೇಳಿದೆ. "ಹೌದಾ" ಎಂದಳು. ಆ 'ಹೌದಾ'ದಲ್ಲಿ ಒಂದು ವಿಮರ್ಶೆ ಇತ್ತು. ನಾನು ಕಿವಿಗೊಡಲಿಲ್ಲ.

ರೆಕಾರ್ಡಿಂಗಿಗೆ ಹುಬ್ಬಳ್ಳಿಗೆ ಹೋದೆವು. ತಡಸದ ಕ್ರಾಸಿನಲ್ಲಿ ಚಹಾ ಕುಡಿಯುವಾಗ ಮಾಸ್ತರರು ಜರಿ ಅಂಚಿನ ರುಮಾಲು ಸುತ್ತಿಕೊಂಡರು. ವೇದಿಕೆಗೆ ಏರುವಾಗ ಸುತ್ತುವಂಥದು. ಸ್ಟುಡಿಯೋ ಎಂದರೆ ನಾವು ಏನೇನೋ ಅಂದುಕೊಂಡಿದ್ದೆವು. ಅದು ನಮ್ಮ ಕಚೇರಿಯ ಹಳೇ ಕಡತದ ಕೋಣೆಯಷ್ಟೇ ಇತ್ತು. ಗೋಡೆಗೆಲ್ಲ ಗಾದಿ ಹೊಡೆದಿದ್ದರು. ಒಬ್ಬೊಬ್ಬರೇ ಒಳಗೆ ಹೋಗಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಗಾಜಿನ ಆಚೆ ಕುಳಿತ ತರುಣನ ಸನ್ನೆ ನೋಡಿ ಬಾರಿಸಿ ಬರಬೇಕು. ಮಾಬುಸಾಬ ಹೊರಗೆ ಬಂದು, "ಡಾಕ್ಟರ ಸ್ಕ್ಯಾನಿಂಗ್ ಮಾಡಿಸ್ದಂಗ ಆತರಿ" ಎಂದ.

ಆ ತರುಣ ಒಳ್ಳೆಯವನು. ಆದರೆ ಮೊದಲೇ ಕಾಯಿದೆ ಹೇಳಿದ. "ಸರ್, ಐದ ಸೆಕೆಂಡಿನ್ಯಾಗ ಹಾಡ ಶುರು ಆಗಬೇಕ್ರಿ. ಇಲ್ಲಾಂದ್ರ ಜನಾ ಮುಂದಿನ ಹಾಡಿಗೆ ಹೊಕ್ಕಾರ."

"ಐದ ಸೆಕೆಂಡಿನ್ಯಾಗ ಜನಾ ಚಾಪಿ ಹಾಸಿ ಕುಂಡ್ರಾಕೂ ಆಗಂಗಿಲ್ಲಲೋ ತಮ್ಮಾ" ಎಂದರು ಮಾಸ್ತರ. ಆದರೂ ಒಪ್ಪಿದರು. ನನ್ನ ನಿರೂಪಣೆ ಅಲ್ಲಿಗೇ ಬಿದ್ದುಹೋಯಿತು. ಕಾಲ ಬದಲಾಗುವಾಗ ಮೊದಲು ಬೀಳುವವರು ನಿರೂಪಕರೇ.

ಮಾಸ್ತರರು ಹಾಡಿದರು. ಏನು ಹಾಡಿದರೆಂದು ಹೇಳಲಿ! ಮೊದಲ ಸಲ ಎರಡೂ ಸಾಲು ಬಂದವು. ಮರಳಿ ಬಂದಾಗ ಮೊದಲ ಸಾಲು ಹಾಡಿ, ಒಂದು ಹೆಜ್ಜೆ ಹಿಂದೆ ಸರಿದು, ಎಡಗೈ ಕಿವಿಗೆ ಹಚ್ಚಿ, ಗಾದಿ ಹೊಡೆದ ಗೋಡೆಯ ಮುಂದೆ ನಿಂತರು. ಗೋಡೆ ಏನೂ ಹಾಡಲಿಲ್ಲ.

"ಸರ್, ಎರಡನೇ ಲೈನ ಬಿಟ್ರಿ" ಎಂದ ತರುಣ.

"ಹೌದಲಾ" ಎಂದರು ಮಾಸ್ತರ. ಮತ್ತೆ ಹಾಡಿದರು, ಮತ್ತೆ ಅದೇ ಜಾಗದಲ್ಲಿ ಬಾಯಿ ಮುಚ್ಚಿತು. ಎಚ್ಚರಿಕೆಯಿಂದ ಹಾಡಿದರೂ ಮುಚ್ಚಿತು. ಶಾಂತಕ್ಕನನ್ನು ಒಳಗೆ ಕಳಿಸಿ, ಆ ಹೊತ್ತಿಗೆ ಸರಿಯಾಗಿ ಚಿವುಟಲು ಹೇಳಿದೆವು. ಅವಳು ಚಿವುಟಿದಳು. ಮಾಸ್ತರರು "ಹಾ" ಎಂದರೇ ಹೊರತು ಸಾಲು ಬರಲಿಲ್ಲ. ಮೂವತ್ತು ವರ್ಷ ಪಲ್ಲವಿ ಮರಳಿದಾಗ ಎರಡನೇ ಸಾಲನ್ನು ಹಾಡಿಯೇ ಗೊತ್ತಿರಲಿಲ್ಲ ಆ ಬಾಯಿಗೆ.

"ಇರ್ಲಿ ಬಿಡ್ರಿ ಸರ್. ಮೊದಲ ಸಲ ಹಾಡಿದ್ದ ಲೈನ ತಗದ ಕಾಪಿ ಮಾಡಿ ಹಚ್ಚಿಬಿಡತೇನಿ. ಎರಡ ನಿಮಿಷದ ಕೆಲಸ" ಎಂದ ತರುಣ.

ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಮಾಸ್ತರರ ಮುಖ ಒಂದು ಥರ ಆಯಿತು. "ಬ್ಯಾಡ" ಎಂದರು. "ಅದು ಜನರ ಜಾಗಾ. ಅಲ್ಲಿ ನಾ ಹೋಗಿ ಕುಂತ್ರ ಅವರು ಎಲ್ಲಿ ಕುಂಡ್ರಬೇಕು?"

"ಜನಾ ಎಲ್ಲಿ ಅದಾರ ಮಾಸ್ತರ?" ಎಂದಳು ಶಾಂತಕ್ಕ. "ಇಲ್ಲಿ ಎಸಿ ಒಂದ ಐತಿ."

"ಹೊಸ ಹಾಡರಿ, ಯಾರಿಗೂ ಬರಂಗಿಲ್ಲ. ಯಾರ ಹಾಡ್ತಾರ?" ಎಂದೆ ನಾನೂ. ನನ್ನ ಮಧುಮಾಸ ನಾಲ್ಕು ಸಲದ ಬದಲು ಒಂದೇ ಸಲ ಕೇಳಿಬರುವುದೆಂಬ ಸಂಕಟ ಬೇರೆ.

"ಬರದಿದ್ರ ಕಲೀತಾರ" ಎಂದರು. ಅಷ್ಟೇ. ಎಂಟು ಹಾಡು, ಎಂಟರಲ್ಲೂ ತೂತು. ಆ ತೂತಿನಲ್ಲಿ ಮಾಬುಸಾಬನ ತಾಳ ಒಂದೇ ನಡೆಯುತ್ತಿತ್ತು, ನೆಂಟರು ಬಾರದ ಮನೆಯಲ್ಲಿ ಪಂಖಾ ತಿರುಗಿದ ಹಾಗೆ.

ಕಾರಹುಣ್ಣಿಮೆಯ ಹೊತ್ತಿಗೆ ಆಲ್ಬಮ್ ಬಂತು. ಫೋನಿನಲ್ಲಿ ಕೇಳಲು ಇಂಟರ್‌ನೆಟ್ಟಿಗೆ ಹಾಕಿದೆವು. ಪೆನ್‌ಡ್ರೈವಿಗೆ ತುಂಬಿಸಿ ಪರಿಚಯದವರಿಗೆ ಹಂಚಿದೆವು. ನಮ್ಮ ಕಡೆ ಈಗ ಹಾಡು ಕೇಳುವುದು ಮನೆಯಲ್ಲಲ್ಲ, ಟ್ರ್ಯಾಕ್ಟರಿನಲ್ಲಿ. ಎರಡೇ ದಿನಕ್ಕೆ ಪ್ರತಿಕ್ರಿಯೆಗಳು ಬರತೊಡಗಿದವು. "ಸಾಹೇಬ್ರ, ನಿಮ್ಮ ಹಾಡಿನ್ಯಾಗ ನಡುವ ದನೀನ ಹೋಗೇತಿ, ಬ್ಯಾರೇದು ಕೊಡ್ರಿ" ಎಂದು ಒಬ್ಬರು ಪೆನ್‌ಡ್ರೈವು ಮರಳಿಸಿದರು. ಇನ್ನೊಬ್ಬರು ತಮ್ಮ ಸ್ಪೀಕರಿನ ವಾಯರು ಕೆಟ್ಟಿದೆ ಎಂದುಕೊಂಡು ಪೂರ್ತಿ ಬಿಚ್ಚಿಸಿ ಹೊಸದು ಹಾಕಿಸಿದ್ದರು. ಫೋನಿನಲ್ಲಿ ಕೇಳಿ ಲೈಕ್ ಒತ್ತಿದವರಲ್ಲಿ ಹೆಚ್ಚಿನವರು ಮಾಸ್ತರರ ಬೀಗರೇ ಎಂದು ಹೆಸರು ನೋಡಿದರೆ ತಿಳಿಯುತ್ತಿತ್ತು. ಆಷಾಢ ಕಳೆಯಿತು. ಕಮಿಟಿಯವರು ಯಾರೂ ಬರಲಿಲ್ಲ. ಒಂದು ಮುಂಜಾನೆ ನಾನು ಹೋದಾಗ ಮಾಸ್ತರರು ಅಂಗಳದಲ್ಲಿ ಸ್ಪೀಕರಿನ ಡಬ್ಬಿಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಹೆಣ್ಣು ಕೊಡುವ ಮೊದಲು ಮನೆಯವರು ಎಣ್ಣೆ ಹಚ್ಚಿ ತಲೆ ಬಾಚುವ ಹಾಗೆ ಕಂಡಿತು ನನಗೆ.

ಶ್ರಾವಣದ ನಡುವೆ ಶಾಂತಕ್ಕನ ಫೋನು ಬಂತು. "ಮಾಸ್ತರನ್ನ ಕರಕೊಂಡ ಬರ್ರಿ. ಯಾಕಂತ ಕೇಳಬ್ಯಾಡ್ರಿ. ಸಿಟ್ಟ ಮಾಡಂಗಿಲ್ಲ ಅಂತ ಮೊದಲ ಆಣಿ ಮಾಡಿಸ್ಕೊಂಡ ಬರ್ರಿ, ನೀವೂ ಮಾಡ್ರಿ."

ಹಿರೇಕೆರೂರಿಗೆ ಹೋಗಿ, ಅಲ್ಲಿಂದ ಅಬಲೂರಿಗೆ ಬಸ್ಸು ಹಿಡಿದೆವು. ಊರ ಹೊರಗಿನ ಹತ್ತಿ ಹೊಲದ ಬದುವಿನಲ್ಲಿ ಟ್ರ್ಯಾಕ್ಟರು ನಿಂತಿತ್ತು. ಅದರಲ್ಲಿ ನಮ್ಮ ಹಾಡೇ ನಡೆದಿತ್ತು. ಹೆಂಗಸರು ಸಾಲು ಹಿಡಿದು ಕಳೆ ತೆಗೆಯುತ್ತಿದ್ದರು, ನಡುವೆ ಶಾಂತಕ್ಕ. ನಮ್ಮನ್ನು ನೋಡಿಯೂ ನೋಡದವಳ ಹಾಗೆ ತಲೆ ತಗ್ಗಿಸಿದಳು. ಮಾಸ್ತರರ ದನಿ ಟ್ರ್ಯಾಕ್ಟರಿನಿಂದ ಹೊರಟಿತು: "ಮುಗಿಲ ಮಲ್ಲಿಗೆಯನ್ನು ಮುಡಿಯಲ್ಲಿ ಕಂಡೆ..." ಆಮೇಲೆ ಆ ತೂತು. ಮಾಬುಸಾಬನ ತಾಳ. ಅಷ್ಟರಲ್ಲಿ ಹೊಲದಿಂದ, ಬಾಗಿದ ಬೆನ್ನುಗಳ ನಡುವಿನಿಂದ, ಎಲ್ಲರ ದನಿ ಕೂಡಿ ಎದ್ದಿತು:

"ನೋಡಿದ್ದು ಸಾಕೋ ಅಣ್ಣ, ಚಾ ಎಲ್ಲಿ ತಂದಿ?"

ಬದುವಿನ ಮೇಲೆ ಕೊಡೆ ಹಿಡಿದು ಕುಳಿತಿದ್ದ ಹೊಲದ ಯಜಮಾನ ಎದ್ದು, "ತಂದೆ ಬರ್ರೆವಾ, ಸಾಕ ಮಾಡ್ರಿ ಇನ್ನ, ಮುಂಜಾನಿಂದ ಅದನ್ನ ಹಚ್ಚೀರಿ" ಎನ್ನುತ್ತ ಚಹಾದ ಕಿಟ್ಲಿ ಹಿಡಿದು ಓಡಿದ.

ನನ್ನ ಸಾಲು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಮೊದಲ ಸಲ ಮಾಸ್ತರರು ಅದನ್ನು ಸ್ಪಷ್ಟವಾಗಿಯೇ ಹಾಡಿದ್ದರು. ಗೊತ್ತಿದ್ದೇ ಬಿಟ್ಟರು. ಮಧುಮಾಸ, ಮಂದಾರ ಎರಡನ್ನೂ ಕಳೆಯ ಜೊತೆಗೆ ಕಿತ್ತು ಬದುವಿಗೆ ಹಾಕಿದ್ದರು. ನಾನು ಮಾಸ್ತರರ ಮುಖ ನೋಡಿದೆ. ಅವರ ಎಡಗೈ ತನ್ನಷ್ಟಕ್ಕೆ ತಾನೇ ಕಿವಿಗೆ ಹೋಗಿತ್ತು. ಕಣ್ಣು ತುಂಬಿದ್ದವು. ಮುಂದಿನ ಹಾಡಿನ ತೂತಿಗೂ ಬೇರೊಂದು ಸಾಲು ಬಂತು. ಅದನ್ನು ಇಲ್ಲಿ ಬರೆಯುವಂತಿಲ್ಲ, ಆ ಯಜಮಾನನ ಮನೆಯವರು ಇದನ್ನು ಓದಬಹುದು.

"ಸಿಟ್ಟ ಬಂತೇನ್ರಿ?" ಎಂದಳು ಶಾಂತಕ್ಕ, ಚಹಾ ಕುಡಿಯುತ್ತ.

"ಏ ಸಾಹಿತಿ," ಎಂದು ಮಾಸ್ತರರು ನನ್ನ ಕಡೆ ತಿರುಗಿದರು, "ನಿಂದಕ್ಕಿಂತ ಚೊಲೋ ಐತಲ್ಲೋ ಇದು!"

ಒಪ್ಪಿಕೊಂಡೆ. ಆಣೆ ಮಾಡಿ ಬಂದಿದ್ದೆನಲ್ಲ.

ವಾರದೊಳಗೆ ಹಿರೇಕೆರೂರಿನ ಕಡೆಯ ಒಂದು ಗಣಪತಿ ಕಮಿಟಿಯ ಹುಡುಗರು ಬೈಕಿನಲ್ಲಿ ಬಂದು, "ಆ ಚಾ ಹಾಡಿನ ಕಂಪನಿ ನಿಮ್ಮದ ಏನ್ರಿ?" ಎಂದು ಕೇಳಿದರು. ಕಂಪನಿಯ ಹೆಸರು ಕೇಳಲೇ ಇಲ್ಲ. ಮಾಸ್ತರರು "ನಮ್ಮದ" ಎಂದು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ಒಳಗಿದ್ದ ಅವರ ಮನೆಯವರು ಹೆದರಿ ಹೊರಗೆ ಬಂದರು. ಶಿಗ್ಗಾಂವಿಯವರಿಗೆ ಸ್ಪೀಕರು ಸಿಗಲಿಲ್ಲ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಆ ಚಹಾದ ಹಾಡನ್ನೇ ತಮ್ಮ ಡಿಜೆಯಲ್ಲಿ ಹಾಕಿ, ತೂತು ಬಂದಾಗ ಸದ್ದು ಪೂರ್ತಿ ಇಳಿಸುತ್ತಾರಂತೆ. ಹಾಗೆಂದು ಡಿಜೆಗಳೇನೂ ಕಡಿಮೆಯಾಗಿಲ್ಲ. ನಮಗೂ ಈಗ ವರ್ಷಕ್ಕೆ ಬೆರಳೆಣಿಕೆಯ ಕಾರ್ಯಕ್ರಮ. ಸಾಕು. ಸಕ್ಕರೆ ಕಾಯಿಲೆಯವರು ಈಗ ಮೂವರಾಗಿದ್ದಾರೆ.

ಈಗ ನನ್ನ ಒಂದೊಂದು ಹಾಡಿಗೆ ಊರಿಗೊಂದು ಪಾಠಾಂತರವಿದೆ. ಸವಣೂರಿನವರು ಚಹಾ ತೆಗೆದು ಎಲೆ ಕೇಳುತ್ತಾರೆ. ಹಾನಗಲ್ಲಿನ ಕಾಲೇಜು ಹುಡುಗಿಯರು, "ನೋಡಿದ್ದು ಸಾಕೋ ಅಣ್ಣ, ಬಸ್ ಎಲ್ಲಿ ತಂದಿ?" ಎಂದು ಹಾಡಿದಾಗ ಮುಂದಿನ ಸಾಲಿನಲ್ಲಿದ್ದ ಕಂಡಕ್ಟರೊಬ್ಬರು ಎದ್ದು ಹೋದರು. ಮೊದಮೊದಲು ನಾನು ಕಾರ್ಯಕ್ರಮದಲ್ಲಿ ಮೂಲ ಸಾಲನ್ನು ಜನರಿಗೆ ನೆನಪಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ. ಯಾವ ಊರಿನವರು ಏನು ಹಾಡುತ್ತಾರೋ ಎಂದು ಕಾಯುವುದರಲ್ಲೇ ಹೆಚ್ಚು ಸುಖವಿದೆ.

ಮಧ್ಯಾಹ್ನದ ಹೊತ್ತಿಗೆ ಮನೆಯ ಮುಂದೆ ಟೆಂಪೋ ಬಂದು ನಿಂತಿತು. ಸವಣೂರಿಗೆ ಹೊರಟಿದ್ದೇವೆ. ಮಾಸ್ತರರು ಡ್ರೈವರಿನ ಪಕ್ಕದಲ್ಲಿ. ಹಿಂದೆ ಸ್ಪೀಕರುಗಳ ನಡುವೆ ಮಾಬುಸಾಬ, ತೋಳಿಗೆ ಮುಲಾಮು ಹಚ್ಚಿಕೊಳ್ಳುತ್ತ.

"ಮಾಸ್ತರ, ಒಂದ ಮಾತ ಕೇಳಲೇನ್ರಿ?" ಎಂದ. "ಹೋದಸಲ ಯಲವಿಗಿ ಊರಾಗ ಒಂದ ಸಾಲಿನ ಜಾಗಾದಾಗ ನಾಕ ಸಾಲ ಹಾಡಿದ್ರು. ಮ್ಯಾಲೆ ಮ್ಯಾಲೆ ಹೊಸಾವ ಕಟ್ಟಾಕ ಹತ್ತಿದ್ರು. ಬಾರಿಸಿ ಬಾರಿಸಿ ನನ್ನ ರಟ್ಟಿ ಬಿದ್ದ ಹೋದುವು. ಇವತ್ತ ನಮ್ಮೂರಾಗ ಎಷ್ಟೊತ್ತ ಜಾಗಾ ಬಿಡೂಣು?"

"ಅವರು ಮುಗಸೂತನಾ" ಎಂದರು ಮಾಸ್ತರ.

"ಮುಗಸಲೇ ಇಲ್ಲಂದ್ರ?"

ಮಾಸ್ತರರು ಹಿಂದಕ್ಕೆ ತಿರುಗಿದರು. ಟೆಂಪೋ ಹೊರಟಿತು.

"ಎರಡ ಖುರ್ಚಿ ಜಾಸ್ತಿ ಹಾಕಸು. ನಾವೂ ಕುಂತ ಕೇಳೂಣು."