ಹಗೇವಿನ ಬಾಯಲ್ಲಿ ಕೂತ ಧೋಂಡಪ್ಪ

ಸಾಂಗ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ವರ್ಷ ಅರಮನೆಯ ಕತ್ತಿಗಳೆಲ್ಲ ಗೋಡೆಗೆ ನೇತುಬಿದ್ದವು. ಧೋಂಡಪ್ಪನ ಸಿಟ್ಟು ಮಾತ್ರ ಒರೆಯಿಂದ ಹೊರಗೇ ಇತ್ತು.

ಖಂಡೇರಾಜುರಿಯ ಕುರಿಗಾರರ ಮನೆಯ ಈತ ಇಪ್ಪತ್ತು ವರ್ಷಗಳಿಂದ ಸಂಸ್ಥಾನದ ಅರಿಶಿನ ತುಂಬಿದ ಹಗೇವುಗಳನ್ನು ತೆರೆಯುತ್ತಿದ್ದ. ನೆಲದಡಿಯ ಆ ಕತ್ತಲೆ ಕೋಟೆಗಳಿಗೆ ಅವನೇ ಸೇನಾಪತಿ. ಬಾಯಿಯ ಮಣ್ಣು ಬಗೆದು, ಕಲ್ಲು ಸರಿಸಿ, ಪಕ್ಕದಲ್ಲಿ ಕಂಬಳಿ ಹಾಸಿ ತಾಸುಗಟ್ಟಲೆ ಕೂರುವುದು ಅವನ ಯುದ್ಧನೀತಿ. ಒಬ್ಬ ಆಳನ್ನೂ ಅವನ ಹಗೇವು ನುಂಗಿರಲಿಲ್ಲ.

ದಾಸ್ತಾನು ತಪಾಸಣೆಗೆ ಮಿರಜದಿಂದ ಬಂದ ತಾತ್ಯಾಸಾಹೇಬರಿಗೆ ಯುದ್ಧ ಕಾಣಲಿಲ್ಲ, ಕಂಬಳಿ ಕಂಡಿತು. ಎರಡು ಮುಂಜಾನೆ ಇಣುಕಿ ಹೋದರು. ಮೂರನೆಯ ಮುಂಜಾನೆ 'ಈ ಆಳು ಶುದ್ಧ ಸೋಮಾರಿ, ತೆಗೆದುಹಾಕತಕ್ಕದ್ದು' ಎಂದು ವರದಿ ಬರೆದು, ಟಪಾಲಿಗೆ ಹಾಕಿ, ಅದನ್ನು ಅವನೆದುರೇ ಬಂದು ಸಾರಿದರು.

"ಸಂಸ್ಥಾನದ ಆರಾಮ ಮುಗೀತು. ಅರೇ, ಉಠ್! ಒಳಗ ಇಳಿ!"

"ಇಳಿಯೂ ಹೊತ್ತು ಇನ್ನಾ ಆಗಿಲ್ರಿ."

"ಪಂಚಾಂಗ ನೋಡಿ ಇಳೀತೀಯೇನ?"

"ಒಳಗಿನ ಕೆಟ್ಟ ಹವಾ ಹೊರಗ ಹೋಗಬೇಕ್ರಿ. ಇಲ್ಲಾಂದ್ರ ಜೀವಾ ತಗೀತೈತಿ."

"ಬರೇ ನೆಪಾ! ನೋಡು, ನಾನ ಇಳೀತೇನಿ."

ಸಾಹೇಬರು ಕಚ್ಚೆ ಬಿಗಿದರು. ಧೋಂಡಪ್ಪನ ನೆತ್ತಿಯಲ್ಲಿ ಬೆಂಕಿ. ಸುಮ್ಮನೆ ಕೂತರೆ ಸಾಕು, ವರದಿ ಬರೆದ ಕೈ ತಾನಾಗಿಯೇ ತಣ್ಣಗಾಗುತ್ತದೆ! ಅರೆಗಳಿಗೆ ಆ ಆಸೆಯನ್ನು ಬೆಲ್ಲದಂತೆ ಚಪ್ಪರಿಸಿದ. ಸಾಹೇಬರ ಒಂದು ಕಾಲು ಹಗೇವಿನೊಳಗೆ ಹೋದದ್ದೇ ತಡ, ಹಠಮಾರಿ ಟಗರನ್ನೆತ್ತುವಂತೆ ಅವರ ನಡು ಹಿಡಿದೆತ್ತಿ ಪಕ್ಕದ ಚೀಲಗಳ ಮೇಲೆ ಒಗೆದ.

"ಸರಕಾರದ ಮ್ಯಾಲೆ ಕೈ ಮಾಡಿದ್ಯಾ!" ಸರ್ಕಾರ ಚೀಲದ ಮೇಲಿಂದ ಒದರಿತು.

ಧೋಂಡಪ್ಪ ಹಾಡಹಗಲಲ್ಲಿ ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಒಂದಾಳುದ್ದ ಇಳಿಯುವಷ್ಟರಲ್ಲಿ ಅದು ಕಣ್ಣು ಮುಚ್ಚಿತು.

"ಅದರ ಜಾಗಾದಾಗ ನೀವಿರತಿದ್ರಿ. ಈಗ ಹೇಳ್ರಿ, ನಾ ಸೋಮಾರಿ ಏನ್ರಿ?"

ಸಾಹೇಬರ ಮುಖ ಅರಿಶಿನವನ್ನು ನಾಚಿಸಿತು. "ಕಾಗದಾ ಆಗಲೇ ಹೋಗೇತಲ್ಲೋ..."

ಇನ್ನೊಂದು ಕಾಗದ ಬರೆದರು. ಅದು ನೌಕರಿ ಉಳಿಸಿತು. ಮೊದಲನೆಯದು ಮಾತ್ರ ಕಡತದಲ್ಲಿ ಗಟ್ಟಿಯಾಗಿ ಬೇರುಬಿಟ್ಟಿತು. ಎಂಟು ವರ್ಷದ ಮೇಲೆ ರಾಜ್ಯಗಳನ್ನು ಭಾಷೆ ನೋಡಿ ಮತ್ತೆ ಹಂಚಿದಾಗ ಕಡತಗಳು ಮನೆ ಬದಲಿಸಿದವು, ಎರಡನೆಯ ಕಾಗದ ದಾರಿಯಲ್ಲೆಲ್ಲೋ ಉದುರಿತು. ಹೊಸ ಸಾಹೇಬನೊಬ್ಬ ಬಂದು ಕಡತ ತೆರೆದ.

"ಸೋಮಾರಿ ಧೋಂಡಪ್ಪ ಅಂದ್ರ ನೀನ ಏನು?"

ಧೋಂಡಪ್ಪ ಹಲ್ಲು ಕಡಿದ. ಆಮೇಲೆ ಕಂದೀಲನ್ನು ಅವನ ಕೈಗೆ ತುರುಕಿ, ಕಂಬಳಿ ಕೊಡವಿ ಹಾಸಿದ.

"ಹೂಂರಿ, ನಾನ. ಬರ್ರಿ, ಕುಂದರ್ರಿ. ಭಾಳ ಹೊತ್ತು ಹಿಡೀತೈತಿ."