ಕುಕ್ಕರ್ ಒತ್ತಿದರೆ ವಾರ್ತೆ

ನಮ್ಮ ಓನರ್ ಅಮ್ಮನಿಗೆ ಪುಟ್ಟೇನಹಳ್ಳಿಯಲ್ಲಿ ಮೂರಂತಸ್ತಿನ ಕಟ್ಟಡವಿದೆ. ಆದರೂ ಬೆಳಗ್ಗೆ ರೇಡಿಯೋ ಹಾಕಿಸಿಕೊಳ್ಳಲು ಅವರು ಎರಡು ಮಹಡಿ ಹತ್ತಿ ಬಂದು, ಬಾಡಿಗೆಗಿರುವ ನನ್ನ ಬಾಗಿಲು ತಟ್ಟಬೇಕಿತ್ತು. ತಪ್ಪು ನನ್ನದೇ. ಅವರ ಹಳೇ ರೇಡಿಯೋ ಕೆಟ್ಟಾಗ ಭಾರೀ ತಿಳಿದವಳಂತೆ ಅವರ ಫೋನಿಗೆ ಮ್ಯೂಸಿಕ್ ಪ್ಲೇಯರ್ ಹಾಕಿ, ಇಂಟರ್‌ನೆಟ್ ರೇಡಿಯೋದ ನಾಲ್ಕು ಸ್ಟೇಷನ್ ಸೇರಿಸಿಕೊಟ್ಟಿದ್ದೆ. ಅವರಿಗೆ ಓದಲು ಬರುವುದಿಲ್ಲ. ಪರದೆಯ ಮೇಲೆ ನಾಲ್ಕಕ್ಕೂ ಒಂದೇ ಬೂದು ಚೌಕ.

"ಕೂದ್ಲು ನೆರೆತ ಮ್ಯಾಲೆ, ಒಂದು ಆಡು ಕೇಳಾಕೆ ನಿನ್ ಬಾಗ್ಲು ಕಾಯ್ಬೇಕಾ ನಾನು?" ಎಂದರು ಒಂದು ದಿನ. ಏದುಸಿರು ಬಿಡುತ್ತಿದ್ದರು. ನನಗೆ ನಾಚಿಕೆಯಾಯಿತು.

ಸ್ಟೇಷನ್ನಿನ ಹೆಸರು ಒತ್ತಿ ಹಿಡಿದರೆ ನಮಗೆ ಬೇಕಾದ ಚಿತ್ರ ಹಾಕಬಹುದೆಂದು ಹುಡುಕಿ ತಿಳಿದುಕೊಂಡೆ. ಭಕ್ತಿಗೀತೆಯ ಸ್ಟೇಷನ್ನಿಗೆ ಇನ್ನೇನು ಹಾಕುವುದು, ತಿಮ್ಮಪ್ಪನ ಫೋಟೋ ಹಾಕಿದೆ. ಮರುದಿನ ಮತ್ತೆ ಬಾಗಿಲು ತಟ್ಟಿದ ಸದ್ದು.

"ಏನವ್ವಾ ನೀನು. ಸ್ನಾನ ಇಲ್ದೆ ದೇವ್ರ ಮೊಕಕ್ಕೆ ಬೆಳ್ಳಲ್ಲಿ ತಿವೀಲಾ?"

"ಮೆಲ್ಲಗೆ ಮುಟ್ಟಿದ್ರೆ ಸಾಕಮ್ಮ."

"ಅಂಗಳ ಗುಡಿಸ್ವಾಗ ಫೋನು ಸೊಂಟಕ್ಕೆ ಸಿಗಿಸ್ಕೊಂತೀನಿ. ತಿಮ್ಮಪ್ಪನ್ನ ಸೊಂಟಕ್ಕೆ ಸಿಗಿಸ್ಕೊಳ್ಳಾದಾ? ಇಷ್ಟು ಓದಿದ್ದೀಯ."

ತಿಮ್ಮಪ್ಪನ ಫೋಟೋ ತೆಗೆದುಹಾಕಿದೆ. ಅಂದು ಭಾನುವಾರ. ಇಬ್ಬರೂ ಫೋನ್ ಹಿಡಿದು ಅವರ ಮನೆಯನ್ನೆಲ್ಲ ಸುತ್ತಿದೆವು. ಆರಿಸುವುದು ಅವರು, ಫೋಟೋ ತೆಗೆಯುವುದು ನಾನು. ಭಕ್ತಿಗೀತೆಗೆ ರಂಗೋಲಿ ಡಬ್ಬಿ, ಏಕೆಂದರೆ ರಂಗೋಲಿ ಹಾಕುತ್ತಲೇ ಅವರು ಅದನ್ನು ಕೇಳುವುದು. ಜನಪದಕ್ಕೆ ಹಿತ್ತಲಿನ ಹಸು. ವಾರ್ತೆಗೆ ಏನು ಹಾಕೋಣ ಎಂದೆ. ಯೋಚಿಸದೆ ಕುಕ್ಕರ್ ತೋರಿಸಿದರು.

"ಎಲ್ಡೂ ಸುಮ್ಕೆ ಕೂಗ್ಕೊಂತಾವೆ."

ಹಳೇ ಸಿನಿಮಾ ಹಾಡಿಗೆ ಮಾತ್ರ ತಡಮಾಡಿದರು. ಆಮೇಲೆ ಶೆಡ್ಡಿಗೆ ಕರೆದುಕೊಂಡು ಹೋಗಿ, ತೀರಿಹೋದ ಗಂಡನ ಸ್ಕೂಟರಿನ ಧೂಳನ್ನು ಸೆರಗಿನಿಂದ ಒರೆಸಿದರು. "ಇದ್ರ ಮ್ಯಾಲೆ ಸಿನ್ಮಾ ಆಡು ಆಡ್ಕೊಂಡೇ ಬರೋರು. ಒಂದೂ ನೆಟ್ಟಗೆ ಆಡ್ತಿರ್ಲಿಲ್ಲ."

ಮರುದಿನ ಐದೂವರೆಗೆ ಅಭ್ಯಾಸದಂತೆ ಎಚ್ಚರವಾಯಿತು. ಬಾಗಿಲು ಸದ್ದು ಮಾಡಲಿಲ್ಲ. ಸ್ವಲ್ಪ ಹೊತ್ತು ಕಾದೆ. ನಿಜ ಹೇಳಬೇಕೆಂದರೆ, ಕೊಂಚ ಬೇಜಾರೂ ಆಯಿತು. ಎದ್ದು ಬಾಲ್ಕನಿಯಿಂದ ಬಗ್ಗಿ ನೋಡಿದೆ. ಕೆಳಗೆ ಅಂಗಳದಲ್ಲಿ ಪೊರಕೆ ಓಡುತ್ತಿತ್ತು, ಅವರ ಸೊಂಟದಿಂದ ಭಕ್ತಿಗೀತೆ ಜೋರಾಗಿ ಬರುತ್ತಿತ್ತು.

ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ಏನವ್ವಾ, ನಿಂಗೂ ರೇಡಿಯೋ ಆಕ್ಕೊಡ್ಬೇಕಾ?"